ಕರೆವ್ವ ಪ್ರಕಾಶನ, ಮುಧೋಳ

ಡಾ. ಗುರುಪಾದ ಕಟಗೇರಿಯವರು ತಮ್ಮ ಮೂವತ್ನಾಲ್ಕನೆಯ ಸಂಶೋಧನಾ ಲೇಖನವನ್ನು ಒಂದು ಪೆನ್‌ಡ್ರೈವಿಗೆ ತುಂಬಿ ಮೇಜಿನ ಮೇಲೆ ಸಂಧ್ಯಾಳ ಕಡೆಗೆ ತಳ್ಳಿದರು. ಚಹಾ ಕುಡಿದಾದ ಮೇಲೆ ಲೋಟ ತಳ್ಳುವುದೂ ಅವರು ಹಾಗೆಯೇ. ಬುದ್ಧಿಯ ಕೆಲಸವೆಲ್ಲ ತಮ್ಮಿಂದ ಮುಗಿದಿದೆ, ಇನ್ನು ಉಳಿದದ್ದು ಕಸ ಹೊಡೆಯುವುದಷ್ಟೇ ಎಂದರು. ಕಸ ಎಂದರೆ ಲೇಖನದ ಕೊನೆಯಲ್ಲಿರುವ ಆಕರಗಳ ಪಟ್ಟಿ. ಯಾವ ಮಾತನ್ನು ಯಾರ ಪುಸ್ತಕದ ಎಷ್ಟನೆಯ ಪುಟದಿಂದ ತಂದೆವು ಎಂದು ಓದುಗನಿಗೆ ಪ್ರಾಮಾಣಿಕವಾಗಿ ಹೇಳುವ ಜಾಗ ಅದು. ಲೇಖನ ಕಳಿಸಿದ್ದು ಧಾರವಾಡದ ಒಂದು ಪತ್ರಿಕೆಗೆ. ಅವರು ಪಟ್ಟಿಯನ್ನು ಇಂಥದೇ ಕ್ರಮದಲ್ಲಿ, ಅಡ್ಡಹೆಸರು ಮೊದಲು, ಆಮೇಲೆ ಇನಿಷಿಯಲ್ಲು, ಆಮೇಲೆ ಕಂಸದೊಳಗೆ ವರ್ಷ, ಹೀಗೆ ಜೋಡಿಸಿ ಕೊಡಿ ಎಂದು ಕೇಳಿದ್ದರು. ಪ್ರತಿಯೊಂದು ಆಕರವೂ ಹುಡುಕಿದರೆ ಸಿಗುವಂತಿರಬೇಕು ಎಂದು ಅದರ ಕೆಳಗಿನ ಸಾಲಿನಲ್ಲಿ ಬರೆದಿದ್ದರು. ಆ ಕೆಳಗಿನ ಸಾಲನ್ನು ಸರ್ ಓದಿರಲಿಲ್ಲ. ಅವರು ಯಾವುದನ್ನೂ ಕೆಳಗಿನ ಸಾಲಿನವರೆಗೆ ಓದಿದವರಲ್ಲ.

ಸಂಧ್ಯಾ ಪೆನ್‌ಡ್ರೈವ್ ಎತ್ತಿಕೊಂಡಳು. ಎತ್ತಿಕೊಳ್ಳದೆ ಗತಿ ಇರಲಿಲ್ಲ. ಜಮಖಂಡಿಯ ಆ ಕಾಲೇಜಿನಲ್ಲಿ ಈ ಮಹಾನುಭಾವರ ಕೈಕೆಳಗೆ ಅವಳು ಪಿಎಚ್‌ಡಿಗೆ ಸೇರಿ ಆರು ವರ್ಷ ತುಂಬುತ್ತ ಬಂದಿತ್ತು. ಪ್ರಬಂಧ ಬರೆದು ಮುಗಿಸಿಯೇ ಎಂಟು ತಿಂಗಳಾಗಿತ್ತು. ಬೈಂಡ್ ಮಾಡಿಸಿದ ಐದು ಪ್ರತಿಗಳು ಸರ್ ಅವರ ಕಪಾಟಿನಲ್ಲಿ ಮಲಗಿದ್ದವು, ಮಾರ್ಗದರ್ಶಕರ ಸಹಿಗೆಂದು ಬಿಟ್ಟ ಜಾಗ ಐದರಲ್ಲೂ ಖಾಲಿ. ಅವಳ ನೋಂದಣಿಯ ಅವಧಿ ಜೂನ್ ಮೂವತ್ತಕ್ಕೆ ಮುಗಿಯುತ್ತಿತ್ತು. ಅಷ್ಟರೊಳಗೆ ಸಹಿ ಬಿದ್ದು ವಿಶ್ವವಿದ್ಯಾಲಯಕ್ಕೆ ಸಲ್ಲಿಕೆಯಾದರೆ ಅವಳು ಡಾಕ್ಟರ್ ಸಂಧ್ಯಾ ತಳವಾರ, ಇಲ್ಲವಾದರೆ ಆರು ವರ್ಷ ಮಣ್ಣುಪಾಲು. ತಮ್ಮ ಲೇಖನದ ಕೆಲಸ ಮುಗಿದ ದಿನವೇ ಸಹಿ ಹಾಕುತ್ತೇನೆ ಎಂದು ಸರ್ ಮಾತು ಕೊಟ್ಟಿದ್ದರು. ಅವರಿಗೂ ಆತುರವಿತ್ತು. ಈ ಲೇಖನವೊಂದು ಅಚ್ಚಾದರೆ ಪ್ರೊಫೆಸರ್ ಆಗಲು ಬೇಕಾದ ಅಂಕಗಳು ಭರ್ತಿಯಾಗುತ್ತಿದ್ದವು.

ಲೇಖನದ ವಿಷಯ ಮುಧೋಳ ನಾಯಿ ಮತ್ತು ಗ್ರಾಮೀಣ ಸಮಾಜ. ಪುಟ ಹದಿನಾಲ್ಕು, ಆಕರ ಅರವತ್ತೊಂದು. ಪಟ್ಟಿಯನ್ನು ತೆರೆದ ಸಂಧ್ಯಾಳಿಗೆ ಮೊದಲು ನಗು ಬಂತು, ಆಮೇಲೆ ಹೇಸಿಗೆಯಾಯಿತು. ಮೊಟ್ಟಮೊದಲ ನಮೂದೇ 'ಅದೇ, ಪುಟ 12' ಎಂದಿತ್ತು. ಅದೇ ಎಂದರೆ ಮೇಲೆ ಹೇಳಿದ್ದೇ ಎಂದು, ಹಾಗೆನ್ನಲು ಮೇಲೆ ಏನಾದರೂ ಇರಬೇಕು ಎಂಬುದು ಆ ತಲೆಗೆ ಹೊಳೆದಿರಲಿಲ್ಲ. ಒಂದು ಕಡೆ ಲೇಖಕರ ಹೆಸರು ಗೂಗಲ್. ಇನ್ನೊಂದು ಕಡೆ ಬರೀ ಒಂದು ಫೋನ್ ನಂಬರು. ಅವಳು ಆ ನಂಬರಿಗೆ ಹಚ್ಚಿ ನೋಡಿದಳು, ತುಬಚಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವನೊಬ್ಬ ಎತ್ತಿಕೊಂಡು ಮೋಟಾರು ಎಷ್ಟು ಎಚ್‌ಪಿ ಎಂದು ಕೇಳಿದ. ಬರೆದವರು ಯಾರೆಂದು ತಿಳಿಯದ ಪುಸ್ತಕಕ್ಕೆ ಪಟ್ಟಿಯಲ್ಲಿ 'ಅನಾಮಿಕ' ಎಂದು ಹಾಕುವುದು ರೂಢಿ. ಸರ್ ಆ ಅನಾಮಿಕನಿಗೂ ಡಾಕ್ಟರೇಟ್ ದಯಪಾಲಿಸಿ 'ಡಾ. ಅನಾಮಿಕ' ಮಾಡಿದ್ದರು. ಕಣ್ಣೆದುರಿನ ಶಿಷ್ಯೆಗೆ ಕೊಡದೆ ಸತಾಯಿಸುತ್ತಿದ್ದುದನ್ನು ಯಾರೋ ಇಲ್ಲದವನಿಗೆ ಧಾರಾಳವಾಗಿ ಕೊಟ್ಟ ಪುಣ್ಯಾತ್ಮರು. ಅರವತ್ತೊಂದರಲ್ಲಿ ಹನ್ನೊಂದು ಅವರದೇ ಹಳೆಯ ಲೇಖನಗಳು. ಅವು ಮಾತ್ರ ಒಂದು ಅಲ್ಪವಿರಾಮವೂ ತಪ್ಪದೆ ನೆಟ್ಟಗಿದ್ದವು.

ಅವಳಿಗೆ ಈ ಕೆಲಸ ಬರುತ್ತಿತ್ತು. ವಾರಕ್ಕೆ ಮೂರು ದಿನ ಬನಹಟ್ಟಿಯ ಜಿನೇಶನ ಡಿಟಿಪಿ ಅಂಗಡಿಯಲ್ಲಿ ಕುಳಿತು ಊರ ಮಂದಿಯ ಪ್ರಬಂಧಗಳ ಆಕರಪಟ್ಟಿ ಜೋಡಿಸಿಕೊಡುತ್ತಿದ್ದಳು. ಹೀಗಾಗಿ ಒಂದೊಂದೇ ಪುಸ್ತಕವನ್ನು ಹುಡುಕುತ್ತ ಹೋದಳು. ಗ್ರಂಥಾಲಯಗಳ ಪಟ್ಟಿಗಳನ್ನು ತಡಕಾಡಿದಳು, ಧಾರವಾಡಕ್ಕೂ ವಿಜಯಪುರಕ್ಕೂ ಫೋನ್ ಮಾಡಿದಳು, ಮುಧೋಳದಿಂದ ಜಮಖಂಡಿಗೆ ಹೋಗುವ ಬಸ್ಸಿನಲ್ಲಿ ನಿಂತುಕೊಂಡೇ ಟಿಪ್ಪಣಿ ಮಾಡಿಕೊಂಡಳು. ಒಂದು ವಾರ ಕಳೆದಾಗ ಗೊತ್ತಾದದ್ದು ಇಷ್ಟು: ಅರವತ್ತೊಂದರಲ್ಲಿ ಇಪ್ಪತ್ತಮೂರು ಈ ಭೂಮಿಯ ಮೇಲೆ ಎಲ್ಲೂ ಇಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಆ್ಯಪ್ ಒಂದು ಸರ್ ಅವರ ಫೋನಿನಲ್ಲಿತ್ತು. ನಾಯಿಗಳ ಬಗ್ಗೆ ಪುಸ್ತಕಗಳ ಹೆಸರು ಕೊಡು ಎಂದು ಇವರು ಅದನ್ನು ಕೇಳಿದ್ದರು, ಅದು ಕೊಟ್ಟಿತ್ತು, ಇವರು ಇಳಿಸಿಕೊಂಡಿದ್ದರು. ಇಬ್ಬರೂ ಪುಸ್ತಕ ಕಂಡವರಲ್ಲ.

ಆದರೆ ಆ ಇಪ್ಪತ್ತಮೂರರಲ್ಲಿ ಮೂವತ್ತೊಂಬತ್ತನೆಯದು ಯಂತ್ರ ಹುಟ್ಟಿಸಿದ್ದಾಗಿರಲಿಲ್ಲ. ಅದು ಸರ್ ಅವರ ಸ್ವಂತ ಪ್ರತಿಭೆ.

'ತಳವಾರ, ಪ. ಮು. (1987). ಮುಧೋಳ ಬೇಟೆನಾಯಿಗಳ ವಂಶಾವಳಿ. ಮುಧೋಳ: ಕರೆವ್ವ ಪ್ರಕಾಶನ. ಪುಟ 112–118.'

ಸಂಧ್ಯಾ ಅದನ್ನು ಮೂರು ಸಲ ಓದಿದಳು. ಪರಸಪ್ಪ ಮುತ್ತಪ್ಪ ತಳವಾರ ಅವಳ ಅಪ್ಪ. ಅವನಿಗೆ ತನ್ನ ಹೆಸರು ಬಿಟ್ಟರೆ ಇನ್ನೊಂದು ಅಕ್ಷರ ಬರೆಯಲು ಬರುವುದಿಲ್ಲ, ಓದಲೂ ಬರುವುದಿಲ್ಲ. 1987ರಲ್ಲಿ ಅವನಿಗೆ ಹದಿನೈದು ವರ್ಷ, ಬೀಳಗಿ ಕಡೆ ಯಾರದೋ ಕುರಿ ಕಾಯುತ್ತಿದ್ದ. ಕರೆವ್ವ ಅವಳ ಅವ್ವ. ಆ ವರ್ಷ ಕರೆವ್ವ ತನ್ನ ತವರೂರಿನಲ್ಲಿ ಒಂಬತ್ತು ವರ್ಷದ ಹುಡುಗಿ, ಪರಸಪ್ಪನೆಂಬುವವನು ಇದ್ದಾನೆ ಎಂಬುದೇ ಅವಳಿಗೆ ತಿಳಿಯದು. ಮುಂದೆ ತನ್ನ ಗಂಡನಾಗುವವನ ಪುಸ್ತಕವನ್ನು ಅವಳು ಆಗಲೇ ಮುಧೋಳದಲ್ಲಿ ಪ್ರಕಟಿಸಿಬಿಟ್ಟಿದ್ದಳು.

ಇದು ಎಲ್ಲಿಂದ ಬಂತು ಎಂದು ಸಂಧ್ಯಾ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಮೂರು ವರ್ಷದ ಹಿಂದೆ ಅವಳೇ ಸರ್ ಅವರನ್ನು ಮನೆಗೆ ಕರೆದುಕೊಂಡು ಹೋಗಿದ್ದಳು. ಮುಧೋಳದಿಂದ ಬೀಳಗಿಗೆ ಹೋಗುವ ರಸ್ತೆಯ ಪಕ್ಕದ ಹಳ್ಳಿ, ಅಂಗಳದ ತುಂಬ ನಾಯಿಗಳು. ಪರಸಪ್ಪನ ಮನೆತನ ನಾಯಿ ಸಾಕುತ್ತ ಬಂದದ್ದು. ಆ ಮನೆಯಲ್ಲಿ ಒಂದು ಪದ್ಧತಿ ಇದೆ. ಮರಿ ಒಯ್ಯಲು ಬಂದವರನ್ನು ಪರಸಪ್ಪ ಕಂಬಳಿಯ ಮೇಲೆ ಕೂರಿಸುತ್ತಾನೆ, ಮರಿಯನ್ನು ನಡುವೆ ಬಿಡುತ್ತಾನೆ, ಅದರ ತಾಯಿ ಯಾವುದು, ತಾಯಿಯ ತಾಯಿ ಯಾವುದು, ಯಾರ ಮನೆಯಲ್ಲಿ ಬೆಳೆಯಿತು, ಯಾವುದರ ತಂದೆ ಯಾರ ಹೊಲದ ನಾಯಿ ಎಂದು ಒಂದೊಂದಾಗಿ ಹೇಳುತ್ತಾನೆ. ಹೇಳಿ ಮುಗಿಯುವವರೆಗೆ ಮರಿ ಅಂಗಳ ದಾಟುವಂತಿಲ್ಲ. ಆರು ತಲೆಯವರೆಗೆ ಹೇಳಿ, ಏಳನೆಯದಕ್ಕೆ ಬಂದಾಗ 'ಗೊತ್ತಿಲ್ಲ' ಎಂದು ನಿಲ್ಲಿಸುತ್ತಾನೆ. ಅವನ ಅಪ್ಪ ಮುತ್ತಪ್ಪ ಅವನಿಗೆ ಹೇಳಿಕೊಟ್ಟದ್ದೇ ಅಷ್ಟು. ಸುತ್ತಲಿನವರೆಲ್ಲ ತಮ್ಮ ನಾಯಿ ನೇರ ಅರಮನೆಯಿಂದ ಇಳಿದು ಬಂದದ್ದು ಎಂದು ಎದೆ ತಟ್ಟಿಕೊಳ್ಳುತ್ತಾರೆ. ಪರಸಪ್ಪ ಗೊತ್ತಿಲ್ಲ ಎಂಬುದನ್ನು ಉಳಿದ ಹೆಸರುಗಳಷ್ಟೇ ಗಟ್ಟಿಯಾಗಿ ಹೇಳುತ್ತಾನೆ.

ಒಂದು ಸಲ ಅವನ ಕಾಳಿ ಎಂಬ ನಾಯಿ ಕಬ್ಬು ಕಡಿಯುವ ದಿನಗಳಲ್ಲಿ ತಪ್ಪಿಸಿಕೊಂಡು ಎರಡು ದಿನ ಕಬ್ಬಿನ ಹೊಲ ಸೇರಿ, ಆಮೇಲೆ ನಾಲ್ಕು ಮರಿ ಹಾಕಿತು. ಮರಿಗಳು ನೋಡಲು ಥೇಟ್ ತಾಯಿಯಂತೆ. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಪ್ಪ ಬಂದ ಬಂದವರಿಗೆಲ್ಲ ಇವುಗಳ ತಂದೆ ಗೊತ್ತಿಲ್ಲ ಎಂದು ಹೇಳಿದ, ಯಾರೂ ಒಯ್ಯಲಿಲ್ಲ. ಸರ್ ಬಂದದ್ದು ಆ ದಿನಗಳಲ್ಲೇ. ಅವರು ಮುಂಜಾನೆಯಿಂದ ಮಧ್ಯಾಹ್ನದವರೆಗೆ ಕುಳಿತು ಅಪ್ಪನ ಮಾತನ್ನೆಲ್ಲ ಫೋನಿನಲ್ಲಿ ತುಂಬಿಕೊಂಡರು, ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಉಂಡರು, ಹೋಗುವಾಗ ಆ ನಾಲ್ಕರಲ್ಲಿ ಚೆಂದದೊಂದು ಹೆಣ್ಣು ಮರಿಯನ್ನು ಗುರುದಕ್ಷಿಣೆ ಎಂದು ನಗುತ್ತ ಬಗಲಲ್ಲಿಟ್ಟುಕೊಂಡು ಹೋದರು. ಅಪ್ಪ ಅವರನ್ನೂ ಕೂರಿಸಿ ಹೇಳಿಯೇ ಕೊಟ್ಟಿದ್ದ. ಅಂದು ಸಂಧ್ಯಾಳಿಗೆ ಹೆಮ್ಮೆಯಾಗಿತ್ತು, ಅಪ್ಪನ ಮಾತು ಲೇಖನದಲ್ಲಿ ಬರುತ್ತದೆ ಎಂದು.

ಬಂದಿತ್ತು. ಲೇಖನದ ಒಂಬತ್ತನೆಯ ಪುಟದಲ್ಲಿ ಆರು ತಲೆಗಳ ಹೆಸರೂ ಇತ್ತು, ಅದರ ಮುಂದೆ ಹೀಗಿತ್ತು: 'ಏಳನೆಯ ತಲೆಮಾರು ಮುಧೋಳ ಅರಮನೆಯ ಖಾಸಾ ಬೇಟೆನಾಯಿ (ತಳವಾರ 1987: 114).'

ಮರುದಿನ ಅವಳು ಸರ್ ಅವರ ಕೋಣೆಗೆ ಹೋಗಿ ಕೇಳಿಯೇ ಬಿಟ್ಟಳು. ಸರ್ ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಕಳ್ಳತನ ಸಿಕ್ಕಿಬಿದ್ದರೆ ಸಾಮಾನ್ಯ ಕಳ್ಳನಿಗೆ ಬೆವರು ಬರುತ್ತದೆ, ಇವರಿಗೆ ಅಷ್ಟೂ ಇಲ್ಲ.

"ಬಾಯಿಮಾತಿಗೆ ಎಲ್ಲಿ ಕಿಮ್ಮತ್ತೈತಿ ಸಂಧ್ಯಾ? ಪುಸ್ತಕ ಅಂದ್ರ ಒಂದು ವಜನ ಬರತೈತಿ. ನಿಮ್ಮಪ್ಪನ್ನ ಲೇಖಕ ಮಾಡೇನಿ, ನಿಮ್ಮವ್ವನ್ನ ಪ್ರಕಾಶಕಿ ಮಾಡೇನಿ. ನೀ ನನಗ ಪೇಢೆ ಕೊಡಬೇಕು."

ಆಮೇಲೆ ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿದರು. ಧಾರವಾಡದಿಂದ ಪತ್ರ ಬಂದಿತ್ತು. ಮೂವತ್ತೊಂಬತ್ತನೆಯ ಆಕರ ಅಪರೂಪದ್ದೆಂದು ತೋರುತ್ತದೆ, ನಮ್ಮಲ್ಲಿ ಯಾರೂ ನೋಡಿಲ್ಲ, ಅದರ ಮುಖಪುಟದ ಸ್ಕ್ಯಾನ್ ಕಳಿಸಿದರೆ ಉಪಕಾರವಾಗುತ್ತದೆ ಎಂದು ಸಂಪಾದಕರು ವಿನಯದಿಂದ ಬರೆದಿದ್ದರು. ಸರ್ ಇದಕ್ಕೂ ದಾರಿ ಕಂಡುಕೊಂಡಿದ್ದರು. ಬನಹಟ್ಟಿಯಲ್ಲಿ ಜಿನೇಶನ ಅಂಗಡಿ ಇದೆ, ನಿನಗೆ ಕೈಬಳಕೆಯಾದ ಜಾಗ, ಹಳೆಯ ಕಾಗದದಂತೆ ಕಾಣುವ ಒಂದೇ ಒಂದು ಪುಟ ಮಾಡಿಸಿ ತಾ, ಪಟ್ಟಿಯನ್ನೂ ಜೋಡಿಸಿ ತಾ, ಅವತ್ತೇ ಐದೂ ಪ್ರತಿಗೆ ಸಹಿ ಎಂದರು. ಯಾರಾದರೂ ಮುಂದೆ ಪುಸ್ತಕ ಕೇಳಿದರೆ ಏನು ಗತಿ ಎಂದು ಅವಳು ಕೇಳಿದ್ದಕ್ಕೆ, ಆಕರಪಟ್ಟಿಯನ್ನು ಓದುವಷ್ಟು ಕೆಲಸವಿಲ್ಲದವರು ಲೋಕದಲ್ಲಿ ಯಾರಿದ್ದಾರೆ ಎಂದು ನಕ್ಕರು.

ಸಂಧ್ಯಾಳಿಗೆ ಅಂಥವರೊಬ್ಬರು ಗೊತ್ತಿತ್ತು, ಅವರು ಎದುರಿಗೇ ಕುಳಿತಿದ್ದರು. ಯಾರ ಪ್ರಬಂಧ ಬಂದರೂ ಸರ್ ಅದನ್ನು ಹಿಂದಿನಿಂದ ತೆರೆಯುತ್ತಿದ್ದರು. ಆಕರಪಟ್ಟಿಯಲ್ಲಿ ಕ ಅಕ್ಷರಕ್ಕೆ ಬೆರಳಿಟ್ಟು ಕಟಗೇರಿ ಎಂಬುದು ಎಷ್ಟು ಸಲ ಬಂದಿದೆ ಎಂದು ಎಣಿಸುತ್ತಿದ್ದರು. ಎಣಿಕೆ ಸಾಲದಿದ್ದರೆ ಪ್ರಬಂಧ ಇನ್ನೂ ಪಕ್ವವಾಗಿಲ್ಲ ಎಂದು ವಾಪಸು ಮಾಡುತ್ತಿದ್ದರು. ಆರು ವರ್ಷದಲ್ಲಿ ಅವರು ಏನನ್ನಾದರೂ ಓದಿದ್ದನ್ನು ಅವಳು ಕಂಡದ್ದು ಅಷ್ಟೇ.

ಆದರೂ ಅವಳು ಬನಹಟ್ಟಿಗೆ ಹೋದಳು. ಇದನ್ನು ಮುಚ್ಚಿಟ್ಟು ಉಪಯೋಗವಿಲ್ಲ. ಒಂದು ಪುಟ ತಾನೇ, ಯಾರ ಗಂಟು ಹೋಗುತ್ತದೆ ಎಂದು ಬಸ್ಸಿನುದ್ದಕ್ಕೂ ತನಗೆ ತಾನೇ ಹೇಳಿಕೊಳ್ಳುತ್ತ ಹೋದಳು. ಪವರ್‌ಲೂಮುಗಳ ಸದ್ದಿನ ನಡುವೆ ಜಿನೇಶನ ಅಂಗಡಿ. ತೇರದಾಳದ ಜೈನರ ಹುಡುಗ, ಮಿತಭಾಷಿ, ಕೆಲಸದಲ್ಲಿ ಅಚ್ಚುಕಟ್ಟು. ಗಿರಾಕಿಯ ಕೆಲಸ ಯಾತಕ್ಕೆಂದು ಕೇಳುವುದು ಅವನ ಪದ್ಧತಿಯಲ್ಲ. ಲಗ್ನಪತ್ರಿಕೆಗೆಂದು ಇಟ್ಟುಕೊಂಡಿದ್ದ ಹಳೆಯ ಕಾಗದದ ಬಣ್ಣ ಹಾಕಿದ, ಆ ಕಾಲದ ಅಚ್ಚಿನ ಮೊಳೆಯಂತೆ ಕಾಣುವ ಅಕ್ಷರ ಹುಡುಕಿದ, ಸುತ್ತ ಬಳ್ಳಿಯ ಅಂಚು ಕೂರಿಸಿದ, ಯಾರೂ ಹೇಳದಿದ್ದರೂ ಬಲಗಡೆಯ ಮೂಲೆಯಲ್ಲಿ ಚಹಾ ಚೆಲ್ಲಿದ ಒಂದು ಕಲೆಯನ್ನೂ ಮಾಡಿದ. ಕಾಲು ಗಂಟೆಯಲ್ಲಿ ಪುಸ್ತಕ ಹುಟ್ಟಿತು.

ಪುಟ ಚೆಂದವಿತ್ತು. ಅದು ಚೆಂದವಿದ್ದದ್ದೇ ಅವಳಿಗೆ ಅಸಹ್ಯವಾದದ್ದು. ಅಪ್ಪನ ಪೂರ್ತಿ ಹೆಸರು ಅಚ್ಚಿನಲ್ಲಿ ಕಂಡ ಕ್ಷಣ ಅವಳ ಮನಸ್ಸು ಹಿಗ್ಗಿತ್ತು, ಒಂದು ಕ್ಷಣವಾದರೂ ಹಿಗ್ಗಿತ್ತು. ಸರ್ ಅವರನ್ನು ಇಷ್ಟು ದಿನ ಕೀಳಾಗಿ ಕಂಡವಳಿಗೆ ಆಗ ತನ್ನನ್ನೂ ಹಾಗೇ ಕಾಣಬೇಕಾಯಿತು.

ಮನೆ ಸೇರಿದಾಗ ಇನ್ನೂ ಬಿಸಿಲಿತ್ತು. ಅಪ್ಪ ಅಂಗಳದಲ್ಲಿ ನಾಯಿಗಳಿಗೆ ಜೋಳದ ನುಚ್ಚು ಬಡಿಸುತ್ತಿದ್ದ. ಹೇಳಬಾರದು ಎಂದುಕೊಂಡೇ ಬಂದಿದ್ದಳು, ಆದರೆ ಚೀಲದಿಂದ ಇಣುಕುತ್ತಿದ್ದ ಪುಟವನ್ನು ಅವ್ವ ಎಳೆದು, ಯಾರ ಮದುವೆ ಎಂದು ಕೇಳಿದಳು. ಸಂಧ್ಯಾ ಇದ್ದದ್ದನ್ನು ಇದ್ದ ಹಾಗೆ ಓದಿ ಹೇಳಿದಳು. ತನ್ನ ಹೆಸರಿನಲ್ಲಿ ಮುಧೋಳದಲ್ಲಿ ಒಂದು ಪ್ರಕಾಶನ ನಡೆದಿತ್ತು ಎಂದು ಕೇಳಿ ಕರೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು, ಬಾಡಿಗೆ ಎಷ್ಟಿತ್ತು ಕೇಳು ಎಂದಳು. ಅಪ್ಪ ನಗಲಿಲ್ಲ. ಕೈಯನ್ನು ಧೋತರಕ್ಕೆ ಒರೆಸಿಕೊಂಡು ಪುಟ ತೆಗೆದುಕೊಂಡ. ಬೆರಳು ಆಡಿಸುತ್ತ ತನ್ನ ಹೆಸರು ಕಂಡುಹಿಡಿದ, ಅವನಿಗೆ ಗುರುತು ಹತ್ತುವುದು ಅದೊಂದೇ. ಒಳಗೆ ಏನಿದೆ ಎಂದು ಕೇಳಿದ. ಅವಳು ಏಳನೆಯ ತಲೆಯ ಮಾತು ಹೇಳಿದಳು.

"ಏಳನೇದು ನಾ ಗೊತ್ತಿಲ್ಲ ಅಂದಿದ್ನೆಲ್ಲ?"

"ಹೂಂ ಯಪ್ಪಾ, ಅಂದಿದ್ದಿ."

"ಮತ್ತ ಅದನ್ನ ಯಾಕ ಬರೀಲಿಲ್ಲ ಅವರು?"

ಅವಳು ಉಳಿದದ್ದನ್ನೆಲ್ಲ ಹೇಳಿದಳು, ಸಹಿ, ಜೂನ್ ಮೂವತ್ತು, ಕಪಾಟಿನಲ್ಲಿರುವ ಐದು ಪ್ರತಿ, ಈ ಪುಟ ಕೊಟ್ಟರೆ ಎಲ್ಲ ಮುಗಿಯುತ್ತದೆ ಎಂಬುದು. ಅಪ್ಪ ಪೂರ್ತಿ ಕೇಳಿಸಿಕೊಂಡ. ಪುಟವನ್ನು ಮೊದಲಿದ್ದಂತೆಯೇ ಮಡಚಿ ಅವಳ ಕೈಗೆ ಕೊಟ್ಟ.

"ಸಂಧ್ಯವ್ವಾ, ನಿನ್ನ ಸಹಿ ದೊಡ್ಡದೈತಿ. ಬೇಕಂದ್ರ ಇದನ್ನ ಒಯ್ದು ಕೊಡು, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಇನ್ನ ಮ್ಯಾಲ ಮರಿ ಒಯ್ಯಾಕ ಬಂದವರ ಮುಂದ ನಾ ಕೂಡಂಗಿಲ್ಲ. ನೀನ ಕೂತು ಹೇಳು."

ಸಿಟ್ಟಿನಿಂದ ಹೇಳಿದ್ದಲ್ಲ. ಹೇಳಿ ಮತ್ತೆ ನುಚ್ಚಿನ ಪಾತ್ರೆ ಎತ್ತಿಕೊಂಡು ನಾಯಿಗಳ ಕಡೆ ಹೋದ. ಸಂಧ್ಯಾ ಒಳಗೆ ಹೋಗಿ ಪುಟವನ್ನು ಅವ್ವನ ರೊಟ್ಟಿಯ ಒಲೆಗೆ ಹಾಕಿದಳು.

ಆಮೇಲಿನ ನಾಲ್ಕು ದಿನ ಅವಳು ಮಾಡಿದಂಥ ಕೆಲಸವನ್ನು ಜಮಖಂಡಿಯ ಆ ಕಾಲೇಜು ಹುಟ್ಟಿದಾಗಿನಿಂದ ಯಾರೂ ಮಾಡಿರಲಿಕ್ಕಿಲ್ಲ. ಇಲ್ಲದ ಇಪ್ಪತ್ತಮೂರು ಪುಸ್ತಕಗಳನ್ನು ತೆಗೆದಳು. ಪುಸ್ತಕ ಹೋದಲ್ಲಿ ಅದನ್ನು ನೆಚ್ಚಿಕೊಂಡ ವಾಕ್ಯವೂ ಹೋಗಬೇಕು, ವಾಕ್ಯ ಹೋದಲ್ಲಿ ಅದರ ಹಿಂದಿನ ಡೌಲೂ ಹೋಗಬೇಕು. ಹದಿನಾಲ್ಕು ಪುಟ ಆರಾಯಿತು. ಉಳಿದ ಮೂವತ್ತೆಂಟು ಆಕರಗಳನ್ನು ಧಾರವಾಡದವರು ಕೇಳಿದ ಕ್ರಮಕ್ಕೆ, ಚುಕ್ಕೆ ಕಂಸ ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕೂರುವಂತೆ ಜೋಡಿಸಿದಳು. ಸರ್ ಅವರ ಹನ್ನೊಂದನ್ನು ಮುಟ್ಟಲಿಲ್ಲ, ಎಷ್ಟೇ ಕಳಪೆಯಾದರೂ ಅವು ಇರುವಂಥವು. ಬಾಯಿಮಾತನ್ನು ಆ ಕ್ರಮದಲ್ಲಿ ಕೊನೆಯ ಪಟ್ಟಿಗೆ ಸೇರಿಸುವುದಿಲ್ಲ, ಲೇಖನದ ಒಳಗೇ ಹೇಳಬೇಕು. ಅದರಂತೆ ಬರೆದಳು: 'ಏಳನೆಯ ತಲೆಮಾರಿನ ಬಗ್ಗೆ ಕೇಳಿದಾಗ ಪರಸಪ್ಪ ತಳವಾರ ಗೊತ್ತಿಲ್ಲ ಎಂದರು (ಮುಖಾಮುಖಿ ಮಾತುಕತೆ).' ದಿನಾಂಕವನ್ನೂ ಹಾಕಿದಳು.

ಜೂನ್ ಇಪ್ಪತ್ತೇಳರಂದು ಅದನ್ನು ಮುದ್ರಿಸಿ ಸರ್ ಅವರ ಮೇಜಿನ ಮೇಲಿಟ್ಟಳು. ಅವರು ರೂಢಿಯಂತೆ ಹಿಂದಿನಿಂದ ತೆರೆದರು. ಕ ಅಕ್ಷರಕ್ಕೆ ಬೆರಳಿಟ್ಟು ತುಟಿ ಆಡಿಸುತ್ತ ಹನ್ನೊಂದರವರೆಗೆ ಎಣಿಸಿದರು. ಮುಖ ಅರಳಿತು. ಶಾಭಾಸ್ ಎಂದು ಕಿಸೆಯಿಂದ ಪೆನ್ನು ತೆಗೆದು, ಕಪಾಟಿನಿಂದ ನಿನ್ನ ಪ್ರತಿಗಳನ್ನು ತಾ ಎಂದರು. ಲೇಖನ ಆರು ಪುಟಕ್ಕೆ ಇಳಿದದ್ದು ಅವರ ಲಕ್ಷ್ಯಕ್ಕೇ ಬಂದಿರಲಿಲ್ಲ. ಸಂಧ್ಯಾ ಐದೂ ಪ್ರತಿ ತಂದು, ಮೊದಲನೆಯದನ್ನು ಸಹಿಯ ಜಾಗಕ್ಕೆ ಸರಿಯಾಗಿ ತೆರೆದು ಇಟ್ಟಳು. ಪೆನ್ನಿನ ಮೊನೆ ಕಾಗದಕ್ಕೆ ತಾಗುವಷ್ಟರಲ್ಲಿ ಅವರಿಗೆ ನೆನಪಾಯಿತು.

"ಮುಖಪುಟ ಎಲ್ಲಿ? ಮೂವತ್ತೊಂಬತ್ತನೇದ್ದು?"

ಮರೆತೆ, ನಾಳೆ ತರುತ್ತೇನೆ ಎಂದಿದ್ದರೆ ಸಹಿ ಬಿದ್ದುಬಿಡುತ್ತಿತ್ತು. ಆ ಮಾತು ನಾಲಿಗೆಯ ತುದಿಗೂ ಬಂದಿತ್ತು.

"ಪಟ್ಟಿ ಮೂವತ್ತೆಂಟಕ್ಕ ಮುಗೀತ್ರಿ ಸರ್. ಅಂಥಾ ಪುಸ್ತಕ ಇಲ್ಲ. ನಮ್ಮಪ್ಪ ಗೊತ್ತಿಲ್ಲ ಅಂದಾನ, ಹಂಗ ಬರದೇನಿ."

ಸರ್ ಆಗ ಲೇಖನವನ್ನು ಮುಂದಿನಿಂದ ತೆರೆದರು, ಬಹುಶಃ ಜೀವಮಾನದಲ್ಲಿ ಮೊದಲ ಸಲ. ಪುಟಗಳನ್ನು ಎಣಿಸಿದರು. ಮುಖ ಕಪ್ಪಿಟ್ಟಿತು. ಸಂಶೋಧನೆ ಮಾಡುವುದನ್ನು ನಿನಗೆ ನಾಯಿ ಸಾಕುವ ಅಪ್ಪ ಕಲಿಸಿದನೇನು ಎಂದು ಕೇಳಿದರು.

"ಹೌದ್ರಿ," ಎಂದಳು ಸಂಧ್ಯಾ.

ಅವರು ಪೆನ್ನಿನ ಮುಚ್ಚಳ ಹಾಕಿ ಕಿಸೆಗೆ ಸಿಕ್ಕಿಸಿಕೊಂಡರು. ಮೂವತ್ತಕ್ಕೆ ಇನ್ನೂ ಮೂರು ದಿನ ಇದೆ, ಬುದ್ಧಿ ಬಂದರೆ ಬಾ ಎಂದರು. ಅವಳು ಹೋಗಲಿಲ್ಲ. ಮೂವತ್ತರಂದು ಜಮಖಂಡಿಯ ಬಸ್ಸು ತನ್ನ ಹೊತ್ತಿಗೆ ಬಂದು ತನ್ನ ಹೊತ್ತಿಗೆ ಹೋಯಿತು.

ಸರ್ ಅವರ ಕೆಲಸವೇನೂ ನಿಲ್ಲಲಿಲ್ಲ. ಅಂಥವರ ಕೆಲಸ ಎಲ್ಲಿ ನಿಲ್ಲುತ್ತದೆ. ಇನ್ನೊಬ್ಬ ಶಿಷ್ಯನನ್ನು ಬನಹಟ್ಟಿಗೆ ಅಟ್ಟಿದರು. ಜಿನೇಶನ ಕಂಪ್ಯೂಟರಿನಲ್ಲಿ ಆ ಪುಟ, ಚಹಾದ ಕಲೆಯ ಸಮೇತ, ಹಾಗೇ ಇತ್ತು. ಕಾಗದವನ್ನು ಸುಟ್ಟವಳಿಗೆ ಅದನ್ನು ಅಳಿಸಿ ಬರಬೇಕೆಂಬುದು ಹೊಳೆದಿರಲಿಲ್ಲ. ಮಳೆಗಾಲ ಮುಗಿಯುವ ಮೊದಲು ಹದಿನಾಲ್ಕು ಪುಟವೂ ಅಚ್ಚಾಗಿ ಬಂತು, ಮೂವತ್ತೊಂಬತ್ತನೆಯದು ತನ್ನ ಜಾಗದಲ್ಲೇ ಕುಳಿತಿತ್ತು. ಕಟಗೇರಿಯವರು ಪ್ರೊಫೆಸರ್ ಆದರು, ಕಾಲೇಜಿನ ಗೇಟಿಗೆ ಅವರ ಫೋಟೋದ ಬ್ಯಾನರ್ ಕಟ್ಟಿದರು. ಆ ಪುಟ ಮೊದಲು ಮಾಡಿಸಿದವಳು ತಾನೇ ಎಂಬುದು ಸಂಧ್ಯಾಳನ್ನು ತಿನ್ನುತ್ತಿತ್ತು, ಸಹಿ ಹೋದದ್ದಕ್ಕಿಂತ ಹೆಚ್ಚು ತಿನ್ನುತ್ತಿತ್ತು. ಧಾರವಾಡದ ಸಂಪಾದಕರಿಗೆ ಇದ್ದ ಸಂಗತಿ ಬರೆದು ಹಾಕಿದಳು, ಅದರಲ್ಲಿ ತನ್ನ ಪಾಲನ್ನೂ ಬರೆದಳು. ಗೈಡ್ ಬದಲಿಸಿ ಅವಧಿ ಮುಂದುವರಿಸಿ ಎಂದು ವಿಶ್ವವಿದ್ಯಾಲಯಕ್ಕೆ ಅರ್ಜಿ ಕೊಟ್ಟಳು. ಎರಡಕ್ಕೂ ಉತ್ತರ ಬಂದಿರಲಿಲ್ಲ.

ದೀಪಾವಳಿ ಆದ ಮೇಲೆ ಒಂದು ಮುಂಜಾನೆ ಅವರ ಅಂಗಳದಲ್ಲಿ ಜೀಪೊಂದು ನಿಂತಿತು. ಇಳಿದವರು ಸಾವಳಗಿಯ ಶಿದ್ರಾಮಪ್ಪನವರು, ದೊಡ್ಡ ರೈತರು, ಕಾಲೇಜಿನ ಆಡಳಿತ ಮಂಡಳಿಯ ಹಿರಿಯರು. ಬಗಲಲ್ಲಿ ಒಂದು ನಾಯಿಮರಿ, ಕೈಯಲ್ಲಿ ಆ ಪತ್ರಿಕೆ. ಬಡ್ತಿಯಾದ ಸಂತೋಷಕ್ಕೆ ಕಟಗೇರಿ ಸರ್ ತಮ್ಮ ಮನೆಯ ನಾಯಿಯ ಮರಿಯೊಂದನ್ನು ಇವರಿಗೆ ಕಾಣಿಕೆ ಕೊಟ್ಟು, ಇದು ಅರಮನೆಯ ರಕ್ತ, ಅಚ್ಚಾದ ಪುರಾವೆ ಇದೆ ಎಂದು ಲೇಖನವನ್ನೂ ಕೊಟ್ಟಿದ್ದರು. ಶಿದ್ರಾಮಪ್ಪನವರು ಓದುವ ಚಟದವರು, ಕೊನೆಯ ಪಟ್ಟಿಯವರೆಗೂ ಓದಿದ್ದರು. ಮೂಲ ಪುಸ್ತಕ ಬರೆದ ಪರಸಪ್ಪ ತಳವಾರರು ಇಲ್ಲೇ ಇರುವುದು ತಿಳಿದು, ಒಂದು ಪ್ರತಿ ಸಿಗುತ್ತದೆಯೇ, ಅದರ ಮೇಲೆ ಅವರ ಸಹಿ ಸಿಗುತ್ತದೆಯೇ ಎಂದು ಕೇಳಲು ಬಂದಿದ್ದರು.

ಪರಸಪ್ಪ ಕಂಬಳಿ ತಂದು ಹಾಸಿದ.

"ಪುಸ್ತಕ ನಾ ಬರದಿಲ್ರಿ. ನನಗ ಓದಾಕ ಬರಂಗಿಲ್ಲ. ಕೂಡ್ರಿ, ಮರಿದ ಹೇಳತೇನಿ."

ಶಿದ್ರಾಮಪ್ಪನವರು ಏನೂ ತೋಚದೆ ಕುಳಿತರು. ಅಪ್ಪ ಮರಿಯ ಕಿವಿ, ಎದೆ, ಹಿಂಗಾಲು ನೋಡಿ, ಹೇಳಲು ಶುರು ಮಾಡಿದ. ಇದರ ತಾಯಿ ಕಟಗೇರಿ ಸಾಹೇಬರ ನಾಯಿ, ಅದು ಇದೇ ಅಂಗಳದಲ್ಲಿ ಹುಟ್ಟಿದ್ದು. ಅದರ ತಾಯಿ ಕಾಳಿ, ತಂದೆ ಗೊತ್ತಿಲ್ಲ, ಕಾಳಿ ಕಬ್ಬಿನ ಹೊಲಕ್ಕೆ ಹೋಗಿತ್ತು, ಇದನ್ನು ಸಾಹೇಬರಿಗೆ ಮರಿ ಕೊಡುವಾಗಲೇ ಹೇಳಿದ್ದೇನೆ. ಕಾಳಿಯ ತಾಯಿ ಚಂದ್ರಿ, ಚಂದ್ರಿಯ ತಾಯಿ ಬಿಜಲಿ. ಹೀಗೆ ಹೆಸರು ಹೇಳುತ್ತ ಹೇಳುತ್ತ ಕೊನೆಗೆ ಮುತ್ತಪ್ಪ ಹೇಳಿಕೊಟ್ಟಲ್ಲಿಗೆ ಬಂದು ನಿಂತ. ಅಲ್ಲಿಂದ ಆಚೆ ಗೊತ್ತಿಲ್ಲ ಎಂದ. ಅರಮನೆಯ ಮಾತು ಬರಲೇ ಇಲ್ಲ.

ಮರಿ ಕಂಬಳಿಯ ಮೇಲೆ ಸುತ್ತು ಹಾಕುತ್ತ ಉಚ್ಚೆ ಹೊಯ್ಯಲು ಜಾಗ ಹುಡುಕತೊಡಗಿದಾಗ, ಶಿದ್ರಾಮಪ್ಪನವರು ಪತ್ರಿಕೆಯನ್ನು ಕಟಗೇರಿಯವರ ಲೇಖನಕ್ಕೆ ಸರಿಯಾಗಿ ಬಿಡಿಸಿ ಅದರ ಕೆಳಗೆ ಹಾಸಿದರು. ಮರಿ ತನ್ನ ಕೆಲಸ ಮುಗಿಸಿತು. ಮಂಡಳಿಯ ಮುಂದಿನ ಸಭೆಯಲ್ಲಿ ಇದನ್ನು ಕೇಳುತ್ತೇನೆ ಎಂದಷ್ಟೇ ಹೇಳಿದರು. ಕೇಳಿದರೆ ಏನಾಗುತ್ತದೆ ಎಂಬುದರ ಬಗ್ಗೆ ಸಂಧ್ಯಾಳಿಗೆ ಭ್ರಮೆ ಇರಲಿಲ್ಲ, ಆ ಮಂಡಳಿಯ ಉಳಿದವರನ್ನೂ ಅವಳು ಕಂಡಿದ್ದಳು. ಅವಳು ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದಳು. ಅವಳನ್ನು ನೋಡಿ ಶಿದ್ರಾಮಪ್ಪನವರಿಗೆ ಏನೋ ನೆನಪಾಯಿತು.

"ಮಗಳು ನಮ್ಮ ಕಾಲೇಜಿನಾಗ ಡಾಕ್ಟರೇಟ್ ಮಾಡಾಕತ್ತಿದ್ಳಲ್ಲ, ಮುಗೀತೇನು?"

"ಇಲ್ರಿ," ಎಂದ ಪರಸಪ್ಪ.

"ಯಾವಾಗ ಮುಗೀತೈತಿ?"

"ಗೊತ್ತಿಲ್ರಿ."

ನಾಯಿಗಳ ಹೆಸರು ಹೇಳಿದಷ್ಟೇ ಗಟ್ಟಿಯಾಗಿ ಹೇಳಿದ. ಸಂಧ್ಯಾಳಿಗೆ ಅಳು ಬಂತು, ನಾಚಿಕೆ ಬರಲಿಲ್ಲ. ಚಹಾದ ಲೋಟ ತಂದು ಶಿದ್ರಾಮಪ್ಪನವರ ಮುಂದಿಟ್ಟು, ಒದ್ದೆಯಾದ ಪತ್ರಿಕೆಯನ್ನು ಎರಡು ಬೆರಳಿನಿಂದ ಎತ್ತಿಕೊಂಡು ಹಿತ್ತಲಿಗೆ ಹೋದಳು.